ನಿಮ್ಮ ಕೈ ಅಡಿಗೆ ಬಿಡ್ರಿ

ಬುಧವಾರ ಬೆಳಗ್ಗೆ ಆರು ಗಂಟೆಗೆ ಹರಿಹರದ ಸದಸ್ಯೆಯ ಬದನೆಕಾಯಿ ಎಣ್ಣೆಗಾಯಿ ರೆಸಿಪಿಯನ್ನು ನಮ್ಮ ಅಡುಗೆ ಗ್ರೂಪಿಗೆ ಹಾಕಿ, ಫೋನನ್ನು ಕಿಟಕಿ ಕಟ್ಟೆಯ ಮೇಲಿಟ್ಟೆ. ಹಾಲು ಕಾಯಿಸಿ, ರೊಟ್ಟಿಗೆ ಎಸರಿಟ್ಟು, ಆರೂವರೆಗೆ ಮತ್ತೆ ಎತ್ತಿಕೊಂಡೆ. ಅದು ನನ್ನ ಮೊದಲ ತಪಾಸಣೆಯ ಹೊತ್ತು. ರೆಸಿಪಿಯ ಕೆಳಗೆ ನಂದಿಗುಡಿಯ ಸದಸ್ಯೆ ಬರೆದಿದ್ದರು:

“ನಿಮ್ಮ ಕೈ ಅಡಿಗೆ ಬಿಡ್ರಿ”

ಹಿಂದೆ ಮುಂದೆ ಒಂದು ಚುಕ್ಕಿಯೂ ಇರಲಿಲ್ಲ. ಅದರ ಕೆಳಗೆ ಇನ್ಯಾರೋ “ಹೌದು ಬಿಡ್ರಿ” ಎಂದು ಸೇರಿಸಿದ್ದರು. ಬೆಳಗಾಗೆದ್ದು ಒಬ್ಬ ಹೆಣ್ಣುಮಗಳಿಗೆ, ನಾನೂರು ಜನರ ಎದುರು, ಅಡುಗೆ ಮಾಡುವುದನ್ನೇ ಬಿಟ್ಟುಬಿಡಿ ಎನ್ನುವುದು ಎಂಥ ಮಾತು ಎನ್ನಿಸಿತು. ಎರಡನ್ನೂ ಅಳಿಸಿದೆ. ನಂದಿಗುಡಿಯವರನ್ನು ಹದಿನೈದು ದಿನಗಳ ಮಟ್ಟಿಗೆ ಗ್ರೂಪಿನಿಂದ ಹೊರಗಿಟ್ಟೆ. ಆಮೇಲೆ ಒಂದು ಸೂಚನೆ ಬರೆದೆ: “ಅಡುಗೆ ಬಿಡಿ ಎಂದು ಸದಸ್ಯರಿಗೆ ಹೇಳುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ಬರೆದವರ ಮೇಲೆ ಕ್ರಮ ಕೈಗೊಳ್ಳಲಾಗಿದೆ.” ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಇಪ್ಪತ್ತು ನಿಮಿಷದಲ್ಲಿ ಚೊಕ್ಕವಾಗಿ ಮುಗಿಸಿದೆನೆಂದುಕೊಂಡು ರೊಟ್ಟಿ ತಟ್ಟಲು ಕುಳಿತೆ.

ಆ ಇಪ್ಪತ್ತು ನಿಮಿಷದ ಕೆಲಸವನ್ನು ಸರಿಪಡಿಸಲು ಸುಮಾರು ಮೂರು ವಾರ ಓಡಾಡಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಡುಗೆ ಗ್ರೂಪಿನಲ್ಲಿ ದಾವಣಗೆರೆ, ಹರಿಹರ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರೇ ಹೆಚ್ಚು. ನಡೆಸುವವರು ಇಬ್ಬರು: ನಾನು, ಮತ್ತು ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಚಿಕ್ಕ ವಯಸ್ಸಿನ ಒಬ್ಬಾಕೆ. ನಾನು ನಿವೃತ್ತಿಯವರೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆ ನೋಡಿಕೊಂಡವಳು. ಗಂಟೆ ಹೊಡೆಯುವ ಮೊದಲು ಸಾರು ಒಲೆಯಿಂದ ಇಳಿಯಲೇಬೇಕಾದ ಜಾಗ ಅದು. ಆ ಪದ್ಧತಿಯನ್ನೇ ಗ್ರೂಪಿಗೂ ತಂದೆ. ಸೋಮವಾರ ಸಂಜೆಯೊಳಗೆ ರೆಸಿಪಿ ನನಗೆ ತಲುಪಬೇಕು. ಮಂಗಳವಾರ ದಾವಣಗೆರೆ ಸರಸ್ವತಿ ನಗರದ ನಮ್ಮ ಮನೆಯಲ್ಲಿ ಅದನ್ನು ತಕ್ಕಡಿ ಇಟ್ಟುಕೊಂಡು ಮಾಡುತ್ತೇನೆ. ಹದ ಬಂದರೆ ನೋಟ್‌ಬುಕ್ಕಿನಲ್ಲಿ ‘ಸರಿ’ ಎಂದು ಬರೆದು, ಬುಧವಾರ ಹಾಕುತ್ತೇನೆ. ಹಿಡಿ, ಚಿಟಿಕೆ, ಅಂದಾಜು ಎಂಬ ಮಾತು ಕೂಡದು. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದರಂತೂ ರೆಸಿಪಿ ವಾಪಸು ಹೋಗುತ್ತದೆ. ಯಾರ ರುಚಿಗೆ? ಗ್ರಾಂನಲ್ಲಿ ಬರೆಯಿರಿ. ಬಾಯಿಮಾತಿನ ಸಂದೇಶಗಳಿಗೂ ಅವಕಾಶವಿರಲಿಲ್ಲ. ಒಬ್ಬೊಬ್ಬರು ಐದು ನಿಮಿಷ ಮಾತಾಡಿದರೆ ಕೇಳುವವರಾರು? ಇನ್ನೊಂದು ನಿಯಮ ನನಗೆ ನಾನೇ ಹಾಕಿಕೊಂಡದ್ದು: ನಡೆಸುವವರು ಯಾರನ್ನೂ ಹೊಗಳಬಾರದು. ಒಬ್ಬರನ್ನು ಹೊಗಳಿದರೆ ಉಳಿದವರು ಮುಖ ಊದಿಸಿಕೊಳ್ಳುತ್ತಾರೆ. ಇದು ಹಾಸ್ಟೆಲಿನ ಅಡುಗೆಯವರ ನಡುವೆ ಕಲಿತ ಪಾಠ.

ಹರಿಹರದ ಸದಸ್ಯೆ ಈ ನಿಯಮಗಳಿಗೆಂದೇ ಹೇಳಿ ಮಾಡಿಸಿದಂತಿದ್ದರು. ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ. ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರಿಗೆ ದಿನಾ ಮಧ್ಯಾಹ್ನ ಊಟದ ಡಬ್ಬಿ ಕಳಿಸುತ್ತಿದ್ದರು. ಗಂಡನಿಗೆ ಬೆನ್ನಿನ ತೊಂದರೆ, ಕೆಲಸಕ್ಕೆ ಹೋಗುವಂತಿಲ್ಲ. ಮನೆ ನಡೆಯುತ್ತಿದ್ದುದು ಆ ಡಬ್ಬಿಗಳಿಂದಲೇ. ನನಗೆ ಗೊತ್ತಿದ್ದದ್ದು ಇಷ್ಟೇ. ಆದರೆ ಅವರಷ್ಟು ಪ್ರಶ್ನೆ ಕೇಳಿದವರು ಗ್ರೂಪಿನಲ್ಲಿ ಬೇರೆ ಇಲ್ಲ. “ಮೇಡಂ, ಹುಣಸೆಹಣ್ಣು ಹಳೇದಾದ್ರೆ ಎಷ್ಟು ಗ್ರಾಂ ಕಡಿಮೆ ಮಾಡ್ಬೇಕ್ರಿ?” “ಮೇಡಂ, ಕಲ್ಲುಪ್ಪು, ಪುಡಿ ಉಪ್ಪು ಎರಡಕ್ಕೂ ತೂಕ ಒಂದೇ ಏನ್ರಿ?” ಶಿಸ್ತಿನ ಹೆಣ್ಣುಮಗಳು ಎಂದು ಮೆಚ್ಚಿಕೊಂಡಿದ್ದೆ, ಮನಸ್ಸಿನಲ್ಲೇ. ಯಾಕೆ ಇಷ್ಟು ಕೇಳುತ್ತಾರೆಂದು ಯೋಚಿಸಲಿಲ್ಲ.

ನಂದಿಗುಡಿಯವರು ಇದಕ್ಕೆ ತದ್ವಿರುದ್ಧ. ಭತ್ತದ ಗದ್ದೆಯ ಮನೆತನ, ಆಳುಗಳಿಗೆ ಬುತ್ತಿ ಕಟ್ಟುವ ಕೈ. ಟೈಪ್ ಮಾಡಲು ಪುರಸೊತ್ತಿಲ್ಲದೆ ಫೋನಿನ ಮುಂದೆ ಮಾತಾಡಿ, ಅದು ಬರೆದುಕೊಂಡದ್ದನ್ನು ಹಾಗೇ ಕಳಿಸುತ್ತಿದ್ದರು. ಅವರ ಅಣ್ಣ ಹರಿಹರದಲ್ಲಿ ಕೆಲಸಕ್ಕಿದ್ದು, ಈ ಸದಸ್ಯೆಯ ಡಬ್ಬಿಯನ್ನೇ ತರಿಸುತ್ತಿದ್ದರು. ಎರಡು ತಿಂಗಳ ಹಿಂದೆ ಅಣ್ಣನಲ್ಲಿಗೆ ಹೋಗಿದ್ದ ನಂದಿಗುಡಿಯವರು ಆ ಡಬ್ಬಿಯಲ್ಲಿ ಉಂಡು, ಗ್ರೂಪಿನಲ್ಲಿ ಬರೆದಿದ್ದರು: “ಸಾರಿಗೆ ಉಪ್ಪು ಮುಂದಾಗಿತ್ತಲ್ರಿ ತಂಗಿ.” ಆಗಲೂ ಅವರಿಗೆ ಎಚ್ಚರಿಕೆ ಕೊಟ್ಟಿದ್ದೆ. ಈ ಸಲದ್ದನ್ನು ಅದರ ಮುಂದುವರಿಕೆ ಎಂದೇ ಓದಿದೆ.

ಆ ಬುಧವಾರವೇ ಹತ್ತು ಗಂಟೆಗೆ ಅವರ ಫೋನ್ ಬಂತು.

“ಮೇಡಂ, ನನ್ನ ಯಾಕ ಹೊರಗ ಹಾಕಿದ್ರಿ? ನಾನೇನ್ ನಿಮ್ಮನೆ ತಂಬಿಗಿ ಕದ್ದಿದ್ನಾ?”

“ನೀವು ಬರ್ದಿದ್ದು ಒಂದ್ಸಲ ಓದ್ಕಳ್ರಿ.”

“ಏನ್ ಬರ್ದೀನ್ರಿ? ಚಲೋ ಐತೆ ಅಂತ ಬರ್ದೀನಿ!”

“ಬಿಡ್ರಿ ಅಂದ್ರೆ ಚಲೋ ಐತೆ ಅಂತ ಅರ್ಥ ಏನು? ಹದಿನೈದು ದಿನ ಆಗ್ಲಿ. ನಿಯಮ ಅಂದ್ರೆ ನಿಯಮ.”

ಅವರು ಇನ್ನೇನೋ ಹೇಳುತ್ತಿದ್ದಾಗಲೇ ಫೋನ್ ಇಟ್ಟೆ. ಸಿಕ್ಕಿಬಿದ್ದವರು ಹೇಳುವುದೇ ಹೀಗೆ; ಹಾಸ್ಟೆಲಿನಲ್ಲಿ ಎಷ್ಟು ಕೇಳಿಲ್ಲ.

ಸೋಮವಾರ ಹರಿಹರದಿಂದ ರೆಸಿಪಿ ಬರಲಿಲ್ಲ. ಹಿಂದೆ ಎಂದೂ ತಪ್ಪಿದ್ದಿಲ್ಲ. “ಸೋಮವಾರದ ರೆಸಿಪಿ ತಲುಪಿಲ್ಲ” ಎಂದು ಬರೆದೆ. ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಶುಕ್ರವಾರ ಔಷಧಿ ಅಂಗಡಿಯಾಕೆ ಫೋನ್ ಮಾಡಿದಳು.

“ಮೇಡಂ, ಹರಿಹರದೋರು ಡಬ್ಬಿ ನಿಲ್ಸ್ಯಾರಂತೆ. ಆ ಬುಧವಾರದಿಂದ್ಲೇ.”

ಎರಡು ಸಲ ಕರೆ ಮಾಡಿದೆ. ಎತ್ತಲಿಲ್ಲ. ಧೈರ್ಯ ಹೇಳೋಣವೆಂದು ಬರೆದೆ: “ತಾವು ಎದೆಗುಂದಬೇಡಿ. ಹಾಗೆ ಬರೆದವರಿಗೆ ತಕ್ಕ ಶಿಕ್ಷೆ ಆಗಿದೆ.” ಅದಕ್ಕೂ ಓದಿದ ಗುರುತಷ್ಟೇ. ಭಾನುವಾರ ಔಷಧಿ ಅಂಗಡಿಯಾಕೆ ಮನೆಗೇ ಬಂದಳು. ಕಳಿಸಿದ್ದನ್ನೆಲ್ಲ ತೋರಿಸಿದೆ. ಓದಿ ನಕ್ಕಳು; ಆಮೇಲೆ ನಗು ನಿಲ್ಲಿಸಿದಳು.

“ಸಿಟ್ಟಾಗಬ್ಯಾಡ್ರಿ ಮೇಡಂ. ನಿಮ್ಮ ಮೆಸೇಜು ನೋಟಿಸ್ ಇದ್ದಂಗಿರ್ತಾವು. ನೀವು ‘ಊಟ ಆಯ್ತಾ’ ಅಂತ ಬರದ್ರೂ, ಉಂಡಿದ್ದೇ ತಪ್ಪಾತೇನೋ ಅನಸ್ತೈತೆ.”

“ಹಂಗಂದ್ರೆ ನಾನೇ ತಪ್ಪು?”

“ಅದಲ್ರಿ. ಆ ನಂದಿಗುಡಿಯೋರು ಬರ್ದಿದ್ದು ಹೊಗಳಿಕೇನೂ ಇರಬಹುದಲ್ಲ? ನಮ್ಮಜ್ಜಿ ಹೋಳಿಗೆ ತಿಂದು ಹಂಗೇ ಅಂತಿದ್ರು. ಒಂದ್ಸಲ ಅವರ ಬಾಯಿಂದ ಕೇಳ್ರಿ.”

“ಫೋನಿನಾಗೆ ಕೇಳ್ತೀನಿ.”

“ಫೋನ್ ಬ್ಯಾಡ್ರಿ. ನೀವು ಇಟ್ಟುಬಿಡ್ತೀರಿ.”

ಮಂಗಳವಾರ ತಕ್ಕಡಿಯನ್ನು ಕಪಾಟಿನಿಂದ ತೆಗೆಯಲಿಲ್ಲ. ಗ್ರೂಪ್ ಶುರುವಾದಾಗಿನಿಂದ ಅದೇ ಮೊದಲ ಸಲ. ಬೆಳಗ್ಗೆ ಹರಿಹರಕ್ಕೆ ಹೋಗಿ, ಅಲ್ಲಿಂದ ನಂದಿಗುಡಿ ಬಸ್ಸು ಹಿಡಿದೆ. ಬಸ್ಸಿಳಿದು ವಿಚಾರಿಸಿದೆ, ಮನೆ ಸಿಕ್ಕಿತು. ನಾಟಿಗೆ ಬಂದವರ ಬುತ್ತಿಗೆ ಅವರು ಮುದ್ದೆ ಕಟ್ಟುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆದರೆ ಮುಖ ಸಡಿಲವಾಗಲಿಲ್ಲ.

“ಬರ್ರಿ, ಕೂಡ್ರಿ. ಇನ್ನೂ ಹದಿನೈದು ದಿನ ಆಗಿಲ್ಲಲ್ಲ ಮೇಡಂ, ನೀವೇ ಬಂದ್ರಿ?”

“ಅವತ್ತು ಬರ್ದಿದ್ದನ್ನ ಒಂದ್ಸಲ ಬಾಯಿಬಿಟ್ಟು ಹೇಳ್ರಿ. ಫೋನಿಗೆ ಹೆಂಗೆ ಹೇಳಿದ್ರೋ ಹಂಗೇ.”

ಅವರು ನನ್ನನ್ನೇ ನೋಡಿದರು. ಕೈಗೆ ಮೆತ್ತಿದ್ದ ಹಿಟ್ಟನ್ನು ಮರಿಗೆಯ ಅಂಚಿಗೆ ಒರೆಸಿದರು. “ನಿಮ್ಮ ಕೈ ಅಡಿಗೀ...” ಎಂದು ಉದ್ದಕ್ಕೆ ಎಳೆದರು. ಒಂದು ಗಳಿಗೆ ನಿಲ್ಲಿಸಿದರು. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, “ಬಿಡ್ರಿ!” ಎಂದರು.

ಎಲ್ಲ ಇದ್ದದ್ದು ಆ ನಿಲುಗಡೆಯಲ್ಲಿ. ನಮ್ಮ ಕಡೆ ಏನಾದರೂ ಮಾತಿಗೆ ಮೀರಿ ಚೆನ್ನಾಗಿದ್ದರೆ ಹೀಗೆ ಹೇಳುತ್ತೇವೆ: ಅದರ ವಿಷಯ ಬಿಡಿ, ಹೇಳುವುದೇ ಬೇಡ, ಅಷ್ಟು ಚೆನ್ನ. ನಾನೇ ಎಷ್ಟು ಮದುವೆಮನೆಗಳಲ್ಲಿ ಹಾಗೆಂದಿದ್ದೇನೆ! ಫೋನು ಅವರ ಎಳೆತ, ನಿಲುಗಡೆ, ನಗು ಎಲ್ಲವನ್ನೂ ಬಿಟ್ಟು ಅಕ್ಷರಗಳನ್ನು ಮಾತ್ರ ಬರೆದುಕೊಂಡಿತ್ತು. ಆ ಅಕ್ಷರಗಳನ್ನು ನಾನು ನನ್ನ ದನಿಯಲ್ಲಿ ಓದಿದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಅಷ್ಟು ವರ್ಷ ‘ಬಿಡ್ರಿ’ ಎಂದದ್ದಕ್ಕೆ ನನ್ನ ದನಿಯಲ್ಲಿ ಇದ್ದ ಅರ್ಥ ಒಂದೇ.

“ಹಿಂದಿನ ದಿನ ಹರಿಹರಕ್ಕೆ ಹೋಗಿದ್ನಿ, ಅಣ್ಣನ ಡಬ್ಬಿಯಾಗೆ ಆ ಎಣ್ಣೆಗಾಯಿ ಇತ್ರಿ” ಎಂದರು ನಂದಿಗುಡಿಯವರು. “ಅವ್ನ ಪಾಲೂ ನಾನೇ ತಿಂದ್ನಿ. ಮುಂಜಾನಿ ನೋಡ್ತೀನಿ, ಅದೇ ರೆಸಿಪಿ! ದನದ ಕಸ ತೆಗಿಯೋಕೂ ಮೊದ್ಲು ಬರ್ದೀನಿ.”

ಅವರು ಡಬ್ಬಿ ನಿಲ್ಲಿಸಿದ್ದಾರೆ ಎಂದೆ. ನಂದಿಗುಡಿಯವರು ಕುಳಿತುಬಿಟ್ಟರು. “ಅಣ್ಣ ಬ್ಯಾರೆ ಕಡೆ ಉಣ್ತೀನಿ ಅಂದಿದ್ದ. ಯಾಕ ಅಂತ ನಾನು ಕೇಳ್ಲಿಲ್ಲ ನೋಡ್ರಿ.” ಒಂದು ನಿಮಿಷದಲ್ಲಿ ಬುತ್ತಿಯ ಬುಟ್ಟಿಯನ್ನು ಪಕ್ಕದ ಮನೆಯಾಕೆಗೆ ವಹಿಸಿ, ಸೆರಗು ಸರಿ ಮಾಡಿಕೊಂಡರು. “ನಡೀರಿ, ಹೇಳಿ ಬರಾಣ.”

ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಎದುರಾ ಎದುರು ಹೇಳಿಸಿದರೆ ಮುಗಿಯಿತು, ನಾಳೆಯಿಂದ ಡಬ್ಬಿ ಶುರು ಎಂದೇ ನನ್ನ ಲೆಕ್ಕವಿತ್ತು.

ಹರಿಹರದ ಮನೆಯ ಬಾಗಿಲು ತೆರೆದಿತ್ತು. ಗಂಡ ಮಂಚದ ಮೇಲೆ ಒರಗಿದ್ದರು. ಒಳಗೆ ಹಲಗೆಯ ಮೇಲೆ ತೊಳೆದ ಡಬ್ಬಿಗಳನ್ನು ಸಾಲಾಗಿ ಬೋರಲು ಹಾಕಿದ್ದರು. ಆಕೆ ಎಲ್ಲಿಗೋ ಹೊರಟು ನಿಂತಿದ್ದರು. ಕೂರಲು ಹೇಳಿ, ನೀರು ಕೊಟ್ಟರು. ನಂದಿಗುಡಿಯವರು ಅವರ ಎರಡೂ ಕೈ ಹಿಡಿದುಕೊಂಡು, ನನ್ನೆದುರು ಹೇಳಿದಂತೆಯೇ, ಎಳೆದು, ನಿಲ್ಲಿಸಿ, ನಕ್ಕು ಹೇಳಿದರು. “ಹಿಂಗೆ ಅಂದಿದ್ದು ತಂಗೀ. ಈ ಹಾಳು ಫೋನು ಹಂಗೆ ಮಾಡ್ತು.”

“ಹೌದೇನ್ರಿ ಅಕ್ಕಾರೆ” ಎಂದರು ಆಕೆ. ದನಿಯಲ್ಲಿ ಏನೂ ಇರಲಿಲ್ಲ. ನನ್ನ ಕಡೆ ತಿರುಗಿದರು. “ಹಂಗಾದ್ರೆ ನೀವು ಯಾಕ ಅಳಿಸಿದ್ರಿ ಮೇಡಂ?”

“ನಾನು ತಪ್ಪು ಓದಿದೆ.”

“ಸುಳ್ಳಾಗಿದ್ರೆ ನೀವು ಹಂಗೇ ಬಿಡ್ತಿದ್ರಿ, ನಾಕು ಮಂದಿ ಅವರಿಗೇ ಬೈತಿದ್ರು. ಖರೆ ಐತೆ, ನಾಕು ಮಂದಿಗೆ ತಿಳೀಬಾರ್ದು ಅಂತ ಮುಚ್ಚಿದ್ರಿ ಅಂದ್ಕಂಡೆ. ಹಿಂದಿನ ದಿನ ಎರಡು ಡಬ್ಬಿ ಬ್ಯಾರೆ ಅರ್ಧಕ್ಕೇ ವಾಪಸ್ ಬಂದಿದ್ವು.”

“ಒಂದು ಮಾತಿಗೆ ಇಷ್ಟು...” ಎಂದು ನಾನು ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

“ನನಗೆ ರುಚಿ ತಿಳಿಯಂಗಿಲ್ರಿ ಮೇಡಂ.”

ಹಿಂದಿನ ವರ್ಷ ಒಂದು ಜ್ವರ ಬಂದು ಹೋಯಿತಂತೆ. ವಾಸನೆ ಹೋಯಿತು, ರುಚಿ ಹೋಯಿತು. ಆಮೇಲೆ ಜ್ವರ ವಾಸಿಯಾಯಿತು, ಇವು ಮಾತ್ರ ಮರಳಲಿಲ್ಲ. ಉಪ್ಪು ಹಾಕಿದ ಸಾರೂ ಒಂದೇ, ಹಾಕದ ಬಿಸಿನೀರೂ ಒಂದೇ. “ಅತ್ತಿ ಇರೋತನಕ ಅವ್ರೇ ನನ್ನ ನಾಲಿಗೆ ಆಗಿದ್ರು. ಮುಂಜಾನಿ ಸೌಟು ಹಿಡಕಂಡು ಹೋಗ್ತಿದ್ನಿ, ಅಂಗೈ ಒಡ್ಡೋರು. ಎರಡು ತಿಂಗಳ ಹಿಂದೆ ಅವ್ರೂ ಹೋದ್ರು. ಅದೇ ವಾರದಾಗೆ ಈ ಅಕ್ಕಾರು ಉಪ್ಪು ಮುಂದಾಗೈತೆ ಅಂತ ಬರದ್ರು. ಅದು ಖರೇನೇ ಇತ್ತು.” ಮಂಚದ ಕಡೆ ನೋಡಿ ಸಣ್ಣಗೆ ನಕ್ಕರು. “ಇವ್ರನ್ನ ಕೇಳಿ ಉಪಯೋಗ ಇಲ್ರಿ. ಉಪ್ಪು ಇಲ್ದಿದ್ರೂ ಉಣ್ತಾರೆ, ಎರಡು ಪಟ್ಟು ಇದ್ರೂ ಉಣ್ತಾರೆ.”

“ಹಾಕಿದ್ದು ಉಂಡ್ರೂ ತಪ್ಪೇನು?” ಎಂದರು ಮಂಚದಿಂದ ಗಂಡ.

“ನಿಮ್ಮ ಗ್ರೂಪಿಗೆ ನಾನು ಯಾಕ ಬಂದೆ ಗೊತ್ತೇನ್ರಿ? ‘ರುಚಿಗೆ ತಕ್ಕಷ್ಟು’ ಅಂತ ಬರಿಯಂಗಿಲ್ಲ ಅಂತ ಇದ್ದಿದ್ದು ನಿಮ್ಮಲ್ಲಿ ಅಷ್ಟೇ. ತೂಕ ನೋಡಿ ಹಾಕ್ತಿದ್ನಿ. ಆತೋ ಇಲ್ಲೋ ಅನ್ನೋದು ನಾಕು ಮಂದಿ ಬಾಯಾಗೆ ಕೇಳಬೇಕಿತ್ತು.”

ನಂದಿಗುಡಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಾನು ನನಗೆ ತಿಳಿದ ಒಂದೇ ರೀತಿಯಲ್ಲಿ ಸಮಾಧಾನ ಹೇಳಲು ಹೋದೆ. “ಆ ಎಣ್ಣೆಗಾಯಿ ನಾನೂ ಮಾಡೀನಿ. ಅರ್ಧ ಕಿಲೋ ಬದನೆಕಾಯಿ, ಒಂಬತ್ತು ಗ್ರಾಂ ಉಪ್ಪು, ಹದಿನೈದು ಗ್ರಾಂ ಹುಣಸೆಹಣ್ಣು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆ ಇಲ್ಲ. ನಮ್ಮನೆಯವ್ರು ‘ಯಾರ ಕೈಯಿ ಇದು’ ಅಂತ ಕೇಳಿ ಇನ್ನೊಂದು ರೊಟ್ಟಿ ಇಸ್ಕಂಡ್ರು.”

“ಯಾವತ್ತು ಮಾಡಿದ್ರಿ?”

“ಮಂಗಳವಾರ. ಗ್ರೂಪಿಗೆ ಹಾಕೋ ಹಿಂದಿನ ದಿನ.”

“ಮತ್ತೆ ನನಗೆ ಹೇಳ್ಲಿಲ್ಲ ಯಾಕ್ರಿ?”

ಹೊಗಳಬಾರದೆಂಬ ನಿಯಮವಿದೆ ಎಂದು ಹೇಳಲು ಬಾಯಿ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಸರಿ’ ಎಂದು ಬರೆದಿದ್ದೆ. ಎರಡು ಅಕ್ಷರ. ಅವನ್ನು ಅವರಿಗೆ ಕಳಿಸಲು ಅರ್ಧ ನಿಮಿಷ ಸಾಕಿತ್ತು.

ನಾಳೆಯಿಂದ ಮತ್ತೆ ಶುರು ಮಾಡಿ ಎಂದೆವು. ಡಬ್ಬಿಯವರೆಲ್ಲ ಆಗಲೇ ಒಂದು ಮೆಸ್ಸಿಗೆ ಹೋಗಿಯಾಗಿತ್ತು. ಅವರನ್ನು ಕರೆತರಬಹುದು ಎಂದರು ನಂದಿಗುಡಿಯವರು. ಅಣ್ಣನಿಂದಲೇ ಆರಂಭ, ನಾಟಿ ಮುಗಿಯಲಿ, ನಾನೇ ಬಂದು ರುಚಿ ನೋಡುತ್ತೇನೆ ಎಂದರು.

“ದಿನಾ ಮುಂಜಾನಿ ಆರಕ್ಕೆ ಸಾರು ಇಳಿಯೋಷ್ಟೊತ್ತಿಗೆ ಯಾರು ಬರ್ತೀರ್ರಿ?” ಎಂದು ಆಕೆ ಕೇಳಿದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡಿದರು. ನಾನು ನಾಲ್ಕೂವರೆಗೆ ಏಳುವವಳು. ದಾವಣಗೆರೆಯಿಂದ ಹರಿಹರಕ್ಕೆ ಬೆಳಗಿನ ಬಸ್ಸಿಗೇನೂ ಕೊರತೆಯಿಲ್ಲ. “ಯೋಚನೆ ಮಾಡಿ ಹೇಳ್ತೀನಿ” ಎಂದೆ.

ಆಕೆ ತಲೆಯಾಡಿಸಿ ಚಪ್ಪಲಿ ಮೆಟ್ಟಿದರು. ಒಂದು ವಾರದಿಂದ ಹಪ್ಪಳ ಪ್ಯಾಕ್ ಮಾಡುವ ಕಡೆ ಮಧ್ಯಾಹ್ನದ ಪಾಳಿಗೆ ಹೋಗುತ್ತಿದ್ದಾರಂತೆ. “ಅಲ್ಲಿ ನಾಲಿಗೆ ಬೇಕಿಲ್ರಿ” ಎಂದರು. ರುಚಿಯ ವಿಷಯ ಯಾರಿಗೂ ಹೇಳುವುದಿಲ್ಲ ಎಂದೆ. “ಡಬ್ಬಿ ತಗಣೋರಿಗೆ ಗೊತ್ತಾದ್ರೆ ಉಣ್ಣಂಗಿಲ್ಲ ಅಂತ ಮುಚ್ಚಿಟ್ಟಿದ್ನಿ. ಈಗ ಡಬ್ಬೀನೇ ಇಲ್ಲ. ಯಾರಿಗಾದ್ರೂ ಹೇಳ್ರಿ, ಹೆಸರೊಂದು ಬ್ಯಾಡ.”

ಅಂದು ಸಂಜೆ ಕ್ಷಮೆಯ ಮಾತು ಬರೆದು ಔಷಧಿ ಅಂಗಡಿಯಾಕೆಗೆ ತೋರಿಸಿದೆ. “ಮೇಡಂ, ಇದೂ ನೋಟಿಸ್ಸೇ” ಎಂದಳು. ಮತ್ತೆ ಬರೆದೆ, ಅದೂ ಅಷ್ಟೇ. ಬುಧವಾರ ಬೆಳಗ್ಗೆ ಆರಕ್ಕೆ, ರೆಸಿಪಿ ಹಾಕುವ ಹೊತ್ತಿಗೆ, ನಂದಿಗುಡಿಯವರನ್ನು ಮತ್ತೆ ಸೇರಿಸಿಕೊಂಡು, ನಾನೇ ನಿಷೇಧಿಸಿದ್ದ ಬಾಯಿಮಾತಿನ ಸಂದೇಶ ಕಳಿಸಿದೆ. “ಅವತ್ತಿನ ಮಾತು ಹೊಗಳಿಕೆ ಆಗಿತ್ತು. ತಪ್ಪು ಓದಿದ್ದು ನಾನು, ಅಳಿಸಿದ್ದು ನಾನು. ಆ ಎಣ್ಣೆಗಾಯಿ ನಾನೂ ಮಾಡಿ ಉಂಡೀನಿ. ಅದರ ಮಾತು... ಬಿಡ್ರಿ.” ನಿಲುಗಡೆ ಸರಿಯಾಗಿ ಬರಲೆಂದು ನಾಲ್ಕು ಸಲ ಹೇಳಿ, ನಾಲ್ಕನೆಯದನ್ನು ಕಳಿಸಿದೆ. ಬೆಳಗ್ಗೆಯೆಲ್ಲ ನಗುವ ಮುಖಗಳು, ಕೈಮುಗಿದ ಗುರುತುಗಳು ಬಂದವು. “ಮೇಡಂಗೂ ದನಿ ಐತೆ ಅಂತ ಇವತ್ತು ಗೊತ್ತಾತು” ಎಂದು ಒಬ್ಬರು ಬರೆದರು. ಹರಿಹರದವರು ಕೇಳಿಸಿಕೊಂಡ ಗುರುತು ಒಂಬತ್ತಕ್ಕೆ ಬಿತ್ತು. ಏನೂ ಬರೆಯಲಿಲ್ಲ.

ಶುಕ್ರವಾರ ಅವರಿಗೊಬ್ಬರಿಗೇ ಬರೆದೆ: “ಯೋಚನೆ ಮಾಡಿದೆ. ದಿನಾ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಡಬ್ಬಿ ಶುರು ಮಾಡಿ.” ಮಂಗಳವಾರ ಅವರೆದುರು ಒಂದೇ ಉಸಿರಿಗೆ ಹೇಳಬೇಕಿದ್ದ ಮಾತು ಅದು. ಭಾನುವಾರ ಉತ್ತರ ಬಂತು. ಒಂದೇ ಪದ:

“ಬಿಡ್ರಿ”

ಆದದ್ದು ಆಯಿತು, ಬಿಡಿ ಎಂದೋ. ನಿಮ್ಮ ಒಳ್ಳೆತನದ ಮಾತು... ಬಿಡಿ ಎಂದೋ. ನನ್ನನ್ನು ನನ್ನ ಪಾಡಿಗೆ ಬಿಡಿ ಎಂದೋ. ಮೂರೂ ದನಿಯಲ್ಲಿ ಹೇಳಿ ನೋಡಿದೆ. ಮೂರೂ ಸರಿಹೊಂದಿದವು. ಈ ಸಲ ನಾನೇ ಓದಿ ತೀರ್ಮಾನಿಸುವುದು ಬೇಡವೆಂದು ಸೋಮವಾರ ಮೊದಲ ಬಸ್ಸಿಗೆ ಹೋದೆ.

ಗಂಡ ಬಾಗಿಲು ತೆರೆದರು. ಪಾಳಿ ಬದಲಾಗಿದೆ, ಈಗ ತಾನೇ ಹೋದಳು ಎಂದರು. ಒಳಗೆ ಹಲಗೆ ಬರಿದಾಗಿತ್ತು. ಡಬ್ಬಿಗಳನ್ನು ಆ ಮೆಸ್ಸಿನವರೇ ದುಡ್ಡು ಕೊಟ್ಟು ಒಯ್ದಿದ್ದರಂತೆ. ಒಲೆಯ ಪಕ್ಕ ತಕ್ಕಡಿ ಇತ್ತು. ಅದರ ತಟ್ಟೆಯಲ್ಲಿ ನಾಲ್ಕೈದು ಹರಳು ಉಪ್ಪು ಉಳಿದಿತ್ತು.

“ನಮ್ಮಿಬ್ರ ಅಡಿಗೀಗೂ ದಿನಾ ತೂಗ್ತಾಳ್ರಿ” ಎಂದರು ಅವರು. “ಡಬ್ಬಿ ಮತ್ತೆ ಶುರು ಮಾಡ್ತೀ ಏನು ಅಂತ ಕೇಳಿದ್ರೆ, ಬಿಡ್ರಿ ಅಂತಾಳೆ.”

“ಹೆಂಗೆ ಅಂತಾರೆ?” ಎಂದು ಕೇಳಿದೆ. “ಯಾವ ದನಿಯಾಗೆ?”

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಗೋಡೆ ಹಿಡಿದುಕೊಂಡು ಮಂಚದ ಮೇಲೆ ಕುಳಿತರು.

“ದನಿ ಗಿನಿ ನನಗೆ ತಿಳಿಯಂಗಿಲ್ರಿ ಮೇಡಂ. ಒಲೆ ಕಡೆ ಮುಖ ಮಾಡ್ಕಂಡು ಅಂತಾಳೆ.”